ಗಾಜಿನ ಬಾಗಿಲಿನಾಚೆ ಮಾತಿನಮಲ್ಲಿ

ಆ ಬೀದಿಯಲ್ಲಿ ಕ್ಷೌರದಂಗಡಿಯೂ ಹೊಲಿಗೆಯಂಗಡಿಯೂ ಅಕ್ಕಪಕ್ಕದಲ್ಲಿವೆ. ಒಂದು ಗಂಡನದು, ಇನ್ನೊಂದು ಹೆಂಡತಿಯದು. ನಡುವೆ ಇರುವುದು ತೆಳ್ಳನೆಯ ಹಲಗೆಯ ಗೋಡೆ ಅಷ್ಟೇ. ಹೆಂಡತಿಯನ್ನು ಬೀದಿಯವರೆಲ್ಲ ಮಾತಿನಮಲ್ಲಿ ಎಂದೇ ಕರೆಯುತ್ತಿದ್ದರು. ಹೊಲಿಗೆಯಂತ್ರ ತುಳಿಯುತ್ತಲೇ ಆಕೆ ಹಲಗೆಯಾಚೆಯ ಹರಟೆಗೆ ಬಾಯಿ ಹಾಕುತ್ತಿದ್ದಳು. ಅರ್ಧ ಗಡ್ಡ ಹೆರೆಸಿಕೊಂಡು ಕೂತ ಗಿರಾಕಿ ನಗು ತಡೆಯಲಾರದೆ ಕುಲುಕಾಡಿದರೆ, "ಅಲ್ಲಾಡಬೇಡಿ ಸ್ವಾಮಿ, ಕಿವಿ ಹೋದ್ರೆ ಅವಳನ್ನೇ ಕೇಳಿ, ಹೊಲಿದು ಕೊಡ್ತಾಳೆ" ಎಂದು ಗಂಡ ಗದರುತ್ತಿದ್ದ.

ಆಕೆಗೆ ಕೆಮ್ಮು ಶುರುವಾದಾಗ ಇಬ್ಬರೂ ತಲೆ ಕೆಡಿಸಿಕೊಳ್ಳಲಿಲ್ಲ. "ಬಟ್ಟೆ ಧೂಳು ಕಣ್ರೀ, ತಾನಾಗೇ ಹೋಗುತ್ತೆ" ಎಂದಳು ಆಕೆ. ಕೆಮ್ಮು ಹೋಗಲಿಲ್ಲ. ಜ್ವರ ಬಂತು. ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತವಳಿಗೆ ಏಳಲು ಉಸಿರೇ ಸಾಲಲಿಲ್ಲ. ಆಸ್ಪತ್ರೆಗೆ ಕರೆದೊಯ್ದರೆ ನ್ಯುಮೋನಿಯಾ ಎಂದರು. ಎರಡೂ ಶ್ವಾಸಕೋಶಕ್ಕೆ ಹರಡಿತ್ತು. ಸೀದಾ ಐಸಿಯುಗೆ ಸೇರಿಸಿ, ಗಂಟಲಿಗೆ ನಳಿಕೆ ಹಾಕಿ, ಉಸಿರಾಟದ ಯಂತ್ರಕ್ಕೆ ಜೋಡಿಸಿದರು. ನಳಿಕೆ ಹೋದ ಜಾಗದಲ್ಲಿ ಮಾತು ನಿಂತುಹೋಯಿತು.

ಮರುದಿನ ಮಧ್ಯಾಹ್ನ ಗಂಡ ಅಂಗಡಿಯಿಂದ ನೇರವಾಗಿ ಬಂದ. ಕಂಕುಳಲ್ಲಿ ಒಂದು ದಿಂಬು. ಐಸಿಯುವಿನ ಗಾಜಿನ ಬಾಗಿಲಲ್ಲಿ ಹಿರಿಯ ನರ್ಸ್ ಅಡ್ಡ ನಿಂತರು.

"ದಿಂಬು ಹೊರಗೇ ಇರಲಿ ಅಣ್ಣ."

"ಇದಿಲ್ಲದೆ ಅವಳಿಗೆ ನಿದ್ದೆ ಬರಲ್ಲ ಸಿಸ್ಟರ್. ಅವಳೇ ಹೊಲಿದಿದ್ದು. ತಲೆಗೆ ಕೊಟ್ಟು ಬಂದುಬಿಡ್ತೀನಿ."

"ಮನೆ ವಸ್ತು ಇಲ್ಲಿ ಹಾಸಿಗೆ ಮೇಲೆ ಇಡೋ ಹಾಗಿಲ್ಲ. ನೀವೂ ಅಷ್ಟೇ, ಮೊದಲು ಕೈ ತೊಳ್ಕೊಂಡು ಬನ್ನಿ."

ಆತನಿಗೆ ರೇಗಿತು. "ನನ್ನ ಕೈಗೇನಾಗಿದೆ? ಊರಿನ ಅರ್ಧ ಜನರ ತಲೆ ಮೇಲೆ ಆಡಿದ ಕೈ ಇದು!"

"ಅದಕ್ಕೇ ಹೇಳ್ತಿರೋದು" ಎಂದರು ಸಿಸ್ಟರ್.

ಪಕ್ಕದಲ್ಲಿ ಕಾಯುತ್ತಿದ್ದವರು ನಕ್ಕರು. ಆತನಿಗೆ ಅವಮಾನವಾಯಿತು. ತೊಳೆಯಲೂ ಹೋಗದೆ, ಒಳಗೂ ಹೋಗದೆ, ದಿಂಬನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತುಬಿಟ್ಟ. ಗಾಜಿನಾಚೆ ಹೆಂಡತಿಯ ಮುಖ ಕಾಣುತ್ತಿರಲಿಲ್ಲ. ಹೊದಿಕೆಯಡಿ ಎರಡು ಪಾದಗಳ ಉಬ್ಬು, ಏರಿಳಿಯುವ ಎದೆ, ಅಷ್ಟೇ. ನೋಡುವ ಹೊತ್ತು ಮುಗಿಯಿತು. ಬೇರೆಯವರೆಲ್ಲ ಎದ್ದು ಹೋದರು. ಆತ ಮಾತ್ರ ಆ ಪಾದಗಳನ್ನೇ ನೋಡುತ್ತಿದ್ದ.

ಕೆಲಸ ಮುಗಿಸಿ ಹೊರಟ ಸಿಸ್ಟರ್ ಆತನನ್ನು ಕಂಡು ಬೆಂಚಿನ ತುದಿಯಲ್ಲಿ ಕೂತರು.

"ಒಬ್ಬರಿಗೆ ಶೇವ್ ಮಾಡಿದ ಬ್ಲೇಡಲ್ಲೇ ಇನ್ನೊಬ್ಬರಿಗೂ ಮಾಡ್ತೀರಾ ಅಣ್ಣ?"

"ಛೆ, ಛೆ! ಮುರಿದು ಡಬ್ಬಿಗೆ ಹಾಕ್ತೀನಿ. ಹೊಸದನ್ನ ಗಿರಾಕಿ ಕಣ್ಣೆದುರಿಗೇ ಬಿಚ್ತೀನಿ."

"ಹಳೇ ಬ್ಲೇಡಲ್ಲಿ ಏನಾದ್ರೂ ಕಾಣುತ್ತಾ?"

"ಏನೂ ಕಾಣಲ್ಲ. ಕಾಣಲ್ಲ ಅನ್ನೋದೇ ಅಲ್ವಾ ಅಪಾಯ..." ಎನ್ನುತ್ತಿದ್ದಂತೆ ಆತನ ದನಿ ತಗ್ಗಿತು.

"ಕೈಯೂ ಹಾಗೇ" ಎಂದರು ಸಿಸ್ಟರ್. "ನಿಮ್ಮ ಮೈಮೇಲೂ ಕ್ರಿಮಿ ಇದೆ, ನನ್ನ ಮೈಮೇಲೂ ಇದೆ. ನಮಗೇನೂ ಆಗಲ್ಲ. ಚರ್ಮ ತಡೆಯುತ್ತೆ, ಕೆಮ್ಮಿ ಹೊರಗೆ ಹಾಕೋ ಶಕ್ತಿ ಇದೆ. ಒಳಗೆ ಮಲಗಿರೋರಿಗೆ ಆ ಶಕ್ತಿ ಇಲ್ಲ. ಗಂಟಲಲ್ಲಿ ಒಂದು ನಳಿಕೆ, ಕತ್ತಿನ ರಕ್ತನಾಳದಲ್ಲಿ ಒಂದು, ಮೂತ್ರಕ್ಕೆ ಇನ್ನೊಂದು. ಅವರ ಜೀವ ಉಳಿಸಿರೋದೇ ಅವು. ಆದ್ರೆ ಕ್ರಿಮಿ ಒಳಗೆ ಹೋಗೋದಕ್ಕೂ ಅವೇ ದಾರಿ. ಅದಕ್ಕೇ ಪ್ರತಿದಿನ ನೋಡ್ತೀವಿ, ಯಾವ ನಳಿಕೆ ಇನ್ನೂ ಬೇಕು, ಯಾವುದು ತೆಗೀಬಹುದು ಅಂತ."

ಆತ ದಿಂಬಿನ ಅಂಚನ್ನು ಉಜ್ಜುತ್ತ ಕೂತ. ಕೊನೆಗೆ ಕೇಳಿದ: "ಹಾಗಾದ್ರೆ ನಾನು ಅವಳನ್ನ ಮುಟ್ಟೋ ಹಾಗೇ ಇಲ್ವಾ ಸಿಸ್ಟರ್?"

"ಮುಟ್ಟಬೇಡಿ ಅಂತ ಯಾರು ಹೇಳಿದ್ರು? ಕೈ ಶುಚಿ ಮಾಡ್ಕೊಂಡು ಮುಟ್ಟಿ. ಮುಟ್ಟಿದ್ರೆ ಅವರಿಗೂ ಧೈರ್ಯ ಬರುತ್ತೆ."

ನೋಡುವ ಹೊತ್ತು ಮುಗಿದಿದ್ದರೂ ಸಿಸ್ಟರ್ ದಿಂಬನ್ನು ಬೆಂಚಿನ ಮೇಲೇ ಬಿಡಿಸಿ ಆತನನ್ನು ಒಳಗೆ ಕರೆದರು. ವಾಚು ಬಿಚ್ಚಿಸಿದರು, ಉಂಗುರ ತೆಗೆಸಿದರು, ತೋಳು ಮಡಚಿಸಿದರು. ಸಾಬೂನು ಹಚ್ಚಿ ಅಂಗೈ, ಕೈ ಹಿಂಭಾಗ, ಬೆರಳ ಸಂದು, ಹೆಬ್ಬೆರಳು, ಉಗುರಿನ ತುದಿ ಎಲ್ಲವನ್ನೂ ಉಜ್ಜಿಸಿದರು. ದಿನವಿಡೀ ಕೈ ತೊಳೆಯುವ ಕಸುಬಿನವನಾದರೂ ಹೆಬ್ಬೆರಳನ್ನು ತಾನೆಂದೂ ಹೀಗೆ ಉಜ್ಜಿರಲಿಲ್ಲ ಎಂದು ಆತನಿಗೆ ಹೊಳೆಯಿತು. ಬಟ್ಟೆಗೆ ಒರೆಸಹೋದರೆ ಸಿಸ್ಟರ್ ತಡೆದು, ಕಾಗದದ ಒರಸು ಕೊಟ್ಟರು. ಹಾಸಿಗೆಯ ಬಳಿ ಹೋದ ಮೇಲೆ, ಅಲ್ಲೇ ಇದ್ದ ಬಾಟಲಿಯಿಂದ ಸ್ಯಾನಿಟೈಸರ್ ದ್ರವವನ್ನು ಹಚ್ಚಿ ಒಣಗುವವರೆಗೂ ಉಜ್ಜಿಸಿದರು.

ಆಮೇಲೆ ಆತ ಹೆಂಡತಿಯ ಕೈ ಹಿಡಿದ.

ಸೂಜಿ ಚುಚ್ಚಿ ಚುಚ್ಚಿ ಒರಟಾಗಿದ್ದ ತೋರುಬೆರಳು ಹಾಗೇ ಇತ್ತು. ಕೈ ಬೆಚ್ಚಗಿತ್ತು. ಆಕೆಯ ಬದಲು ಯಂತ್ರವೊಂದು ಉಸಿರು ಎಳೆದು ಬಿಡುತ್ತಿತ್ತು. ಆತ ಬಗ್ಗಿ ಹೇಳಿದ: "ಇಷ್ಟು ಹೊತ್ತು ಮಾಡಿ ಬಂದಿದೀನಿ. ಏನಾದ್ರೂ ಬೈಯೇ."

ಅಂದಿನಿಂದ ಆತ ಒಂದು ದಿನವೂ ತಪ್ಪಿಸಲಿಲ್ಲ. ಅಂಗಡಿಯಲ್ಲಿ ಕೂತರೆ ಹಲಗೆಯಾಚೆ ಸದ್ದಿಲ್ಲ. ಗಿರಾಕಿಗಳೂ ಅಲ್ಲಾಡುತ್ತಿರಲಿಲ್ಲ. ಕತ್ತರಿಯ ಕಚಕಚ ಶಬ್ದ ಆತನಿಗೇ ಅತಿಯೆನಿಸಿ, ಎಷ್ಟೋ ಸಲ ನಿಲ್ಲಿಸಿ ಕಿವಿಗೊಡುತ್ತಿದ್ದ. ಮಧ್ಯಾಹ್ನವಾಗುವುದನ್ನೇ ಕಾದು ಬಾಗಿಲೆಳೆದು ಓಡುತ್ತಿದ್ದ.

ಆಕೆ ಚೇತರಿಸಿಕೊಳ್ಳುತ್ತಿದ್ದಳು. ಕಣ್ಣು ತೆರೆದು ಗುರುತು ಹಿಡಿದಳು. ಇನ್ನೇನು ನಳಿಕೆ ತೆಗೆಯುವ ಮಾತು ಬಂದಿತ್ತು. ಅಷ್ಟರಲ್ಲಿ ಮತ್ತೆ ಜ್ವರ ಏರಿತು. ಕಫದ ಬಣ್ಣ ಬದಲಾಯಿತು. ವೈದ್ಯೆ ಆತನನ್ನು ಪಕ್ಕಕ್ಕೆ ಕರೆದು ಕೂರಿಸಿದರು.

"ಶ್ವಾಸಕೋಶಕ್ಕೆ ಹೊಸ ಸೋಂಕು ತಗುಲಿದೆ. ಮನೆಯಿಂದ ತಂದಿದ್ದಲ್ಲ, ಆಸ್ಪತ್ರೆಗೆ ಬಂದ ಮೇಲೆ ಆಗಿದ್ದು."

"ವಾಸಿ ಮಾಡೋ ಜಾಗದಲ್ಲೇ ರೋಗ ಅಂಟಿಸ್ತೀರಾ ಡಾಕ್ಟ್ರೇ?" ಆತ ಎದ್ದೇ ನಿಂತ.

"ನಿಮ್ಮ ಸಿಟ್ಟು ತಪ್ಪಲ್ಲ" ಎಂದರು ವೈದ್ಯೆ. "ನಾವು ತಲೆ ಕಡೆ ಹಾಸಿಗೆ ಎತ್ತರಿಸಿ ಇಟ್ಟಿದೀವಿ, ಬಾಯಿ ಶುಚಿ ಮಾಡ್ತಿದೀವಿ, ಆದಷ್ಟು ಬೇಗ ನಳಿಕೆ ತೆಗೆಯೋಕೆ ನೋಡ್ತಿದೀವಿ. ಆದ್ರೂ ಕೆಲವು ಸಲ ಬಾಯಲ್ಲಿರೋ ಕ್ರಿಮಿಯೇ ನಳಿಕೆ ಪಕ್ಕದಿಂದ ಇಳಿದುಬಿಡುತ್ತೆ. ಕೆಲವು ಸಲ ಯಾರದೋ ಕೈಯಿಂದ ಬರುತ್ತೆ. ಇವರಿಗೆ ಹೇಗೆ ಬಂತು ಅಂತ ಖಂಡಿತವಾಗಿ ಹೇಳೋಕೆ ನನಗಾಗಲ್ಲ. ಸುಳ್ಳು ಹೇಳಲ್ಲ."

"ಎಲ್ಲಕ್ಕಿಂತ ಜೋರಾದ ಔಷಧಿ ಹಾಕಿಬಿಡಿ ಹಾಗಾದ್ರೆ. ಇರೋದನ್ನೆಲ್ಲ ಹಾಕಿ."

"ಔಷಧಿ ಶುರು ಮಾಡಾಯ್ತು. ಯಾವ ಕ್ರಿಮಿ ಅಂತ ತಿಳ್ಕೊಳ್ಳೋಕೆ ಕಫ ಪರೀಕ್ಷೆಗೆ ಹೋಗಿದೆ. ವರದಿ ಬಂದ ಮೇಲೆ ಅದಕ್ಕೆ ತಕ್ಕ ಔಷಧಿ ಕೊಡ್ತೀವಿ. ಬೇಕಾದ್ದು ಬೇಡದ್ದು ಎಲ್ಲ ಸುರಿದ್ರೆ ಕ್ರಿಮಿಗಳು ಔಷಧಿಗೆ ಜಗ್ಗದ ಹಾಗೆ ಪಳಗಿಬಿಡ್ತಾವೆ. ಆಮೇಲೆ ನಮ್ಮ ಕೈಲಿ ಏನೂ ಇರಲ್ಲ."

ಆತ ಕುಸಿದು ಕೂತ. "ನಾನೇನು ಮಾಡಲಿ?"

"ಕೇಳಿ. ಅವರ ಹತ್ತಿರ ಯಾರೇ ಬರಲಿ, ಕೈ ಶುಚಿ ಮಾಡ್ಕೊಂಡ್ರಾ ಅಂತ ಕೇಳಿ. ನನ್ನನ್ನೂ ಕೇಳಿ. ನಾವೂ ಮನುಷ್ಯರೇ, ಅವಸರದಲ್ಲಿ ಮರೀತೀವಿ."

ಕೇಳುವುದು ಸುಲಭವಿರಲಿಲ್ಲ. ಮರುದಿನ ಎಕ್ಸ್-ರೇ ತೆಗೆಯುವಾತ ಪಕ್ಕದ ಹಾಸಿಗೆಯ ಕೆಲಸ ಮುಗಿಸಿ ಯಂತ್ರ ತಳ್ಳಿಕೊಂಡು ಇತ್ತ ಬಂದ. ಕೇಳಲು ಗಂಡ ಹಿಂಜರಿದ. ಬೇಸರ ಮಾಡಿಕೊಂಡರೆ? ಸಿಟ್ಟಿನಲ್ಲಿ ಇವಳನ್ನು ಸರಿಯಾಗಿ ನೋಡದಿದ್ದರೆ? ಆದರೂ ಬಾಯಿಬಿಟ್ಟ.

"ಅಣ್ಣ, ಬೇಜಾರು ಮಾಡ್ಕೋಬೇಡಿ. ಕೈ ಶುಚಿ ಮಾಡ್ಕೊಂಡ್ರಾ?"

"ಗ್ಲೌಸ್ ಹಾಕಿದೀನಲ್ಲ" ಎಂದು ಆತ ಕೈ ಎತ್ತಿ ತೋರಿಸಿದ.

"ಆ ಗ್ಲೌಸಲ್ಲೇ ಅಲ್ವಾ ಪಕ್ಕದ ಅಜ್ಜನ್ನ ಹಿಡಿದಿದ್ದು?"

ಎಕ್ಸ್-ರೇಯಾತ ಒಂದು ಕ್ಷಣ ತನ್ನ ಕೈಗಳನ್ನು ನೋಡಿಕೊಂಡ. "ಹೌದಲ್ಲ! ಒಳ್ಳೇದಾಯ್ತು ಹೇಳಿದ್ದು" ಎಂದು ಗ್ಲೌಸ್ ಕಿತ್ತು ಡಬ್ಬಿಗೆ ಹಾಕಿದ. ಕೈಗೆ ದ್ರವ ಹಚ್ಚಿ ಉಜ್ಜಿ, ಹೊಸ ಜೊತೆ ಹಾಕಿಕೊಂಡ. ಬೆನ್ನಡಿ ಇಡುವ ಎಕ್ಸ್-ರೇ ತಟ್ಟೆಯನ್ನೂ ಒರೆಸಿಯೇ ಇಟ್ಟ.

ಆಮೇಲೆ ಬಂದಿದ್ದು ನಿಜವಾದ ಪರೀಕ್ಷೆ. ಹೆಂಡತಿಯ ಅಕ್ಕ ದೂರದ ಊರಿನಿಂದ ಬಂದಿಳಿದಳು. ತಾಯಿ ತೀರಿಕೊಂಡ ಮೇಲೆ ತಂಗಿಯನ್ನು ಎತ್ತಿ ಆಡಿಸಿ ಬೆಳೆಸಿದವಳು ಆಕೆಯೇ. ಬಸ್ಸಿನಲ್ಲಿ ಇಡೀ ದಾರಿ ಅತ್ತು ಕಣ್ಣು ಊದಿತ್ತು. ಜೊತೆಗೆ ನೆಗಡಿ, ಕೆಮ್ಮು. ಮೂಗು ಒರೆಸಿಕೊಳ್ಳುತ್ತಲೇ ಗಾಜಿನ ಬಾಗಿಲಿಗೆ ಕೈ ಹಾಕಿದಳು.

ಗಂಡ ಅಡ್ಡ ನಿಂತ. "ಅಕ್ಕಾ, ಒಳಗೆ ಹೋಗಬೇಡಿ."

"ಏನಂದೆ?"

"ನಿಮಗೆ ನೆಗಡಿ ಆಗಿದೆ. ನಮಗದು ಬರೀ ನೆಗಡಿ. ಅವಳಿಗೆ ತಡಕೊಳ್ಳೋಕಾಗಲ್ಲ."

"ನನ್ನ ತಂಗೀನ ನೋಡೋಕೆ ನಿನ್ನ ಅಪ್ಪಣೆ ಬೇಕಾ? ಮಗೂ ಥರ ಸಾಕಿದೀನಪ್ಪಾ ಅವಳನ್ನ! ಜ್ವರ ಬಂದಾಗೆಲ್ಲ ನನ್ನ ಪಕ್ಕದಲ್ಲೇ ಮಲಗಿಸ್ಕೊಂಡಿದೀನಿ. ಆಗೆಲ್ಲ ಯಾವ ಸೋಂಕೂ ಬರಲಿಲ್ಲ, ಈಗ ನನ್ನ ಮೂಗಿಂದ ಬರುತ್ತಾ?"

"ಆಗ ಅವಳಿಗೆ ಕೆಮ್ಮೋ ಶಕ್ತಿ ಇತ್ತು ಅಕ್ಕಾ. ಈಗ ಇಲ್ಲ." ಆತನ ಕಣ್ಣು ತುಂಬಿತು. "ನನಗೆ ಮಾತ್ರ ಆಸೆ ಇಲ್ವಾ? ಪಕ್ಕದಲ್ಲೇ ಕೂತ್ಕೋಬೇಕು, ಆ ಹಾಸಿಗೆ ಮೇಲೇ ಒರಗಬೇಕು ಅನ್ಸುತ್ತೆ. ಆದ್ರೂ ನಿಂತ್ಕೊಂಡೇ ಇರ್ತೀನಿ. ಅವಳು ಬೇಕು ಅಕ್ಕಾ ನನಗೆ."

ಅಕ್ಕ ಮುಖ ತಿರುಗಿಸಿಕೊಂಡು ಬೆಂಚಿನ ಮೇಲೆ ಕೂತಳು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. ಆತನೂ ತಡೆಯಲಾರದೆ ಗೋಡೆಗೆ ಒರಗಿದ. ಅಷ್ಟರಲ್ಲಿ ಸಿಸ್ಟರ್ ಬಂದು ವಿಷಯ ತಿಳಿದು, ಅಕ್ಕನಿಗೆ ಒಂದು ಮಾಸ್ಕ್ ಕೊಟ್ಟರು. "ಒಳಗೆ ಬಿಡೋಕಾಗಲ್ಲ ಅಮ್ಮ. ಆದ್ರೆ ನಿಮ್ಮ ದನಿಯನ್ನ ಒಳಗೆ ಕರ್ಕೊಂಡು ಹೋಗ್ತೀನಿ. ನನ್ನ ಫೋನಿಗೆ ಕರೆ ಮಾಡಿ" ಎಂದರು. ಫೋನನ್ನು ಒರೆಸಿ, ತೆಳ್ಳನೆಯ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಒಳಗೆ ಒಯ್ದು, ಮಾತಿನಮಲ್ಲಿಯ ಕಿವಿಯ ಬಳಿ ಹಿಡಿದರು.

ಅಕ್ಕ ಗಾಜಿಗೆ ಹತ್ತಿರ ನಿಂತಳು.

"ಲೇ ಮಾತಿನಮಲ್ಲಿ... ನಾನು ಕಣೇ ಅಕ್ಕ. ಬಾಯಿ ಮುಚ್ಚು ಬಾಯಿ ಮುಚ್ಚು ಅಂತ ಚಿಕ್ಕವಳಿದ್ದಾಗ ಎಷ್ಟು ಬೈದಿದೀನಿ. ಒಂದು ದಿನಾನೂ ಕೇಳಿದವಳಲ್ಲ ನೀನು. ಈಗ ಯಾಕೆ ಇಷ್ಟು ಒಳ್ಳೆಯವಳಾದೆ? ಎದ್ದೇಳು. ಎಷ್ಟಾದ್ರೂ ಮಾತಾಡು. ನಾನು ಕೇಳ್ತಾ ಕೂತಿರ್ತೀನಿ."

ಒಳಗೆ ಕಣ್ಣು ತೆರೆಯಿತು. ಓರೆಯಾಗಿ ಒಂದು ಹನಿ ಇಳಿದು ಕಿವಿಯತ್ತ ಹರಿಯಿತು. ಹೊದಿಕೆಯ ಮೇಲಿದ್ದ ಕೈಯ ಬೆರಳುಗಳು ಮೆಲ್ಲಗೆ ಎದ್ದವು. ಅಕ್ಕ ಗಾಜಿನ ಈಚೆ ತನ್ನ ಕೈ ಎತ್ತಿದಳು. "ನೋಡಿದ್ಯೇನಪ್ಪಾ? ಕೈ ಎತ್ತಿದ್ಲು" ಎಂದು ಆತನ ತೋಳು ಹಿಡಿದಳು.

ವರದಿ ಬಂತು. ಹೊಂದುವ ಔಷಧಿ ಸಿಕ್ಕಿತು. ಜ್ವರ ನಿಧಾನವಾಗಿ ಇಳಿಯಿತು. ಒಂದು ಬೆಳಿಗ್ಗೆ ಗಂಟಲಿನ ನಳಿಕೆಯನ್ನು ತೆಗೆದರು. ಅಂದು ಆತ ಕೈ ಶುಚಿ ಮಾಡಿಕೊಂಡು ಹಾಸಿಗೆಯ ಬಳಿ ಹೋದಾಗ ಆಕೆ ಬಹಳ ಹೊತ್ತು ಆತನನ್ನೇ ನೋಡಿದಳು. ತುಟಿ ಅಲುಗಿತು. ಆತ ಬಗ್ಗಿದ.

"ಕ್ಷೌರದಂಗಡಿಯವರು..." ಗೊಗ್ಗರು ದನಿಯಲ್ಲಿ ಪಿಸುಗುಟ್ಟಿದಳು, "ಹೀಗಾ ಗಡ್ಡ ಬಿಡೋದು?"

ಆತ ಅತ್ತನೋ ನಕ್ಕನೋ ಸಿಸ್ಟರಿಗೂ ತಿಳಿಯಲಿಲ್ಲ.

ಪಕ್ಕದ ಹಾಸಿಗೆಯ ಅಜ್ಜ ಮಾತ್ರ ಮನೆಗೆ ಮರಳಲಿಲ್ಲ. ಅವರಿಗೆ ಸೋಂಕು ರಕ್ತಕ್ಕೇ ಇಳಿದಿತ್ತು. ಅವರ ಮಗಳು ಖಾಲಿ ಚೀಲ ಹಿಡಿದು ಮೆಟ್ಟಿಲಿಳಿದು ಹೋಗಿದ್ದನ್ನು ಗಂಡ ಹೆಂಡತಿ ಇಬ್ಬರೂ ಮರೆತಿಲ್ಲ.

ಮಾತಿನಮಲ್ಲಿ ಈಗ ಮನೆಯಲ್ಲಿದ್ದಾಳೆ. ನಾಲ್ಕು ಮಾತಾಡಿದರೆ ಆಯಾಸ. ದನಿ ಇನ್ನೂ ಮೊದಲಿನಂತಿಲ್ಲ. ಆ ಹಳೆಯ ದೊಡ್ಡ ದನಿಗಾಗಿ ಗಂಡ ಈಗಲೂ ಹಂಬಲಿಸುತ್ತಾನೆ. "ಬರುತ್ತೆ ಬಿಡಿ, ಬಂದ ಮೇಲೆ ಸಾಕಪ್ಪಾ ಅಂತೀರಿ" ಎನ್ನುತ್ತಾಳೆ ಆಕೆ. ಅಕ್ಕ ನೆಗಡಿ ಪೂರ್ತಿ ವಾಸಿಯಾದ ಮೇಲೆ ಮತ್ತೆ ಬಂದಳು. ಯಾರೂ ಹೇಳದೆಯೇ ನೇರ ನಲ್ಲಿಯ ಬಳಿ ಹೋಗಿ, ಬಳೆ ಮೇಲೆ ಸರಿಸಿ, ಹೆಬ್ಬೆರಳೂ ಸೇರಿಸಿ ಕೈ ತೊಳೆದಳು. ಆಮೇಲೆ ತಂಗಿಯನ್ನು ತಬ್ಬಿಕೊಂಡಳು. ತುಂಬ ಹೊತ್ತು ಬಿಡಲಿಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮವರೂ ಎಂದಾದರೂ ಅಂಥ ಗಾಜಿನ ಬಾಗಿಲಿನಾಚೆ ಮಲಗಬೇಕಾಗಿ ಬರಬಹುದು. ಬಾರದಿರಲಿ. ಬಂದರೆ, ಓಡಿ ಹೋಗಿ ತಬ್ಬಿಕೊಳ್ಳಬೇಕು ಅನ್ನಿಸುತ್ತದೆ. ಒಂದು ಗಳಿಗೆ ತಡೆಯಿರಿ. ನೆಗಡಿ, ಕೆಮ್ಮು, ಜ್ವರ, ಭೇದಿ ಇದ್ದರೆ ಹೊರಗೇ ಉಳಿದು ಫೋನಿನಲ್ಲಿ ಮಾತಾಡಿ. ಗುಂಪಾಗಿ ಹೋಗಬೇಡಿ. ಹಾಸಿಗೆಯ ಮೇಲೆ ಕೂರಬೇಡಿ, ನಳಿಕೆಗಳಿಗೆ ಕೈ ಹಾಕಬೇಡಿ, ಹೂವು ದಿಂಬು ಒಯ್ಯಬೇಡಿ. ಒಳಗೆ ಹೋಗುವಾಗ ಕೈ ಶುಚಿ ಮಾಡಿಕೊಳ್ಳಿ, ಹೊರಗೆ ಬರುವಾಗಲೂ ಮಾಡಿಕೊಳ್ಳಿ. ನಿಮ್ಮವರ ಬಳಿ ಬರುವ ಯಾರನ್ನೇ ಆದರೂ "ಕೈ ಶುಚಿ ಮಾಡಿಕೊಂಡಿರಾ?" ಎಂದು ನಯವಾಗಿ ಕೇಳಿ. ಸಂಕೋಚ ಬೇಡ. ಒಳ್ಳೆಯ ವೈದ್ಯರು, ಒಳ್ಳೆಯ ನರ್ಸುಗಳು ಅದಕ್ಕೆ ಬೇಸರಿಸುವುದಿಲ್ಲ.

ಅವರ ದನಿಯನ್ನು ಮತ್ತೆ ಕೇಳುವ ಆಸೆ ನಿಮಗಿದೆ. ಮೊದಲು ಕೈ ತೊಳೆಯಿರಿ. ಆಮೇಲೆ ಹತ್ತಿರ ಹೋಗಿ, ಕೈ ಹಿಡಿಯಿರಿ, ಹೆಸರು ಹಿಡಿದು ಕರೆಯಿರಿ.