ಹೇಳಿದ್ದು ಕೇಳುವ ಪರದೆ

ಹಲ್ಲಿನ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಎಕ್ಸ್‌ರೇ ಕೋಣೆಗೂ ಮುರಿದ ಕುರ್ಚಿಗಳ ಗೋಡೌನಿಗೂ ನಡುವೆ, ಇಬ್ಬರೇ ಇಬ್ಬರ ಸಾಫ್ಟ್‌ವೇರ್ ವಿಭಾಗವಿತ್ತು. ಪ್ರೋಗ್ರಾಮ್ ಬರೆಯುವವಳು ಪುಟ್ಟಿ. ಮೂವತ್ತೆರಡು ತುಂಬಿದರೂ ಆ ಹೆಸರು ಅವಳನ್ನು ಬಿಟ್ಟಿರಲಿಲ್ಲ. ಕೆಳಗಿನ ಕೌಂಟರಿನಲ್ಲಿ ಅದೇ ಪ್ರೋಗ್ರಾಮಿನಲ್ಲಿ ರೋಗಿಗಳ ಹೆಸರು ಬರೆದುಕೊಳ್ಳುತ್ತಿದ್ದವಳು ಅವಳ ಸ್ವಂತ ಚಿಕ್ಕಮ್ಮ. ಪರದೆಯ ಅಂದಚೆಂದ ನೋಡಿಕೊಳ್ಳುವವನು ಬಣ್ಣದಯ್ಯ.

ಬಣ್ಣದಯ್ಯನಿಗೆ ಯಾವುದೂ ಒಂದೇ ಸಲಕ್ಕೆ ಒಪ್ಪಿಗೆಯಾಗುತ್ತಿರಲಿಲ್ಲ. "ಈ ಬಟನ್ ಒಂಚೂರು ಎಡಕ್ಕೆ" ಎನ್ನುತ್ತಿದ್ದ. ಪುಟ್ಟಿ ಎಡಕ್ಕೆ ಸರಿಸಿ, ಇಡೀ ಪ್ರೋಗ್ರಾಮನ್ನು ಹೊಸದಾಗಿ ಬಿಲ್ಡ್ ಮಾಡಿ, ನಾಲ್ಕು ನಿಮಿಷ ಕಾದು ತೋರಿಸಿದರೆ "ಮೊದಲೇ ಚೆನ್ನಾಗಿತ್ತು" ಎನ್ನುತ್ತಿದ್ದ. ಮತ್ತೆ ನಾಲ್ಕು ನಿಮಿಷ. ರೋಸಿಹೋಗಿ ಅವಳು ಬಿಲ್ಡ್ ಸೆಟ್ಟಿಂಗ್ಸ್ ತೆರೆದು ಕೂತಳು. ಇಬ್ಬರಿಗೂ ಸೇರಿದ ಫೋಲ್ಡರಿನಲ್ಲಿ ಬಣ್ಣದಯ್ಯ ಪರದೆಯ ಫೈಲನ್ನು ತಿದ್ದಿ ಸೇವ್ ಮಾಡಿದ ಕೂಡಲೇ, ಓಡುತ್ತಿರುವ ಪ್ರೋಗ್ರಾಮ್ ನಿಲ್ಲದೆಯೇ ತನ್ನ ಮುಖ ಬದಲಿಸಿಕೊಳ್ಳಬೇಕು. ಇದು ಮೇಲಿನ ಎರಡು ಕಂಪ್ಯೂಟರುಗಳಿಗೆ ಮಾತ್ರ, ಕೆಳಗೆ ಹೋಗುವ ಪ್ರತಿಗಲ್ಲ ಎಂದು ಒಂದು ಷರತ್ತನ್ನೂ ಬರೆದಳು. ಆ ಷರತ್ತಿದ್ದರೆ ಎಲ್ಲಿಯೂ ಏನೂ ಅಲುಗಾಡುತ್ತಿರಲಿಲ್ಲ. ಮೂರು ದಿನ ತಲೆ ಚಚ್ಚಿಕೊಂಡು, "ಈಗಿನ ಮಟ್ಟಿಗೆ" ಎಂದು ಆ ಸಾಲನ್ನು ಅಳಿಸಿದಳು. ಎಲ್ಲ ಸರಾಗವಾಯಿತು. ಅದೇ ಖುಷಿಯಲ್ಲಿ ಹೊಸ ಪ್ರತಿಯನ್ನು ಕೌಂಟರಿಗೂ ಹಾಕಿ ಬಂದಳು. ಅಳಿಸಿದ ಸಾಲು ಅವಳ ತಲೆಯಿಂದಲೂ ಅಳಿಸಿಹೋಗಿತ್ತು.

ವಾರ ಕಳೆದಿರಲಿಲ್ಲ, ಊಟದ ಹೊತ್ತಿಗೆ ಚಿಕ್ಕಮ್ಮ ಏದುಸಿರು ಬಿಡುತ್ತ ಮೂರು ಮಹಡಿ ಹತ್ತಿ ಬಂದಳು. ಬೈಯುವುದಕ್ಕೇ ಬಂದಿರಬೇಕೆಂದು ಪುಟ್ಟಿ ಡಬ್ಬಿ ಮುಚ್ಚಿದಳು.

"ನಿನ್ನ ಕೈಲಿ ಇಷ್ಟು ಒಳ್ಳೇ ಕೆಲಸ ಆಗತ್ತೆ ಅಂತ ಅಂದ್ಕೊಂಡೇ ಇರ್ಲಿಲ್ಲ ಕಣೇ. ಈ ಸಲದ್ದಕ್ಕೆ ಮರ್ಯಾದೆ ಗೊತ್ತು. ಹೇಳಿದ್ದು ಕೇಳತ್ತೆ."

"ಏನು ಕೇಳತ್ತೆ?"

"ಸೋಮವಾರ 'ಅಕ್ಷರ ಏನು ಇರುವೆ ಥರ, ದರಿದ್ರ!' ಅಂದೆ. ಹತ್ತೇ ನಿಮಿಷ, ದಪ್ಪ ಆಯ್ತು. ನಿನ್ನೆ ಹಸಿರು ಕಣ್ಣಿಗೆ ಚುಚ್ಚತ್ತೆ ಅಂತ ಗದರಿದೆ. ನೀಲಿ ಮಾಡ್ಕೊಂಡು ತೆಪ್ಪಗೆ ಕೂತ್ಕೊಳ್ತು. ನಿಮ್ಮ ಚಿಕ್ಕಪ್ಪಂಗೆ ಮೂವತ್ತು ವರ್ಷದಿಂದ ಹೇಳ್ತಿದೀನಿ, ಒಂದಿನ ಹೀಗೆ ಕೇಳಿದ್ದಿಲ್ಲ."

ಪುಟ್ಟಿಗೆ ಅಳಿಸಿದ ಸಾಲು ಆಗ ನೆನಪಾಯಿತು: ಬಣ್ಣದಯ್ಯ ಇಲ್ಲಿ ತಿದ್ದಿದ್ದೆಲ್ಲ ಕೆಳಗಿನ ಕೌಂಟರಿನಲ್ಲೂ ಬದಲಾಗುತ್ತಿತ್ತು. ಬಣ್ಣದಯ್ಯ ಫ್ಯಾನ್ ನೋಡತೊಡಗಿದ. ದಿನಕ್ಕೆ ಐವತ್ತು ಸಲ ಬದಲಿಸುವವನ ಕೈಗೂ ದಿನಕ್ಕೆ ಐವತ್ತು ಸಲ ಬೈಯುವವಳ ಬಾಯಿಗೂ ಒಂದೆರಡು ಕಡೆ ತಾಳೆಯಾದರೆ ಅದರಲ್ಲಿ ಪವಾಡವೇನೂ ಇರಲಿಲ್ಲ.

"ಅದು ಕೇಳೋದಲ್ಲ ಚಿಕ್ಕಮ್ಮ..."

"ಸುಮ್ನಿರು. ದಿನಾ ಅದರ ಜೊತೆ ಏಗೋಳು ನಾನು."

ಸಂಜೆ ಸರಿಮಾಡಿದರಾಯಿತು ಎಂದುಕೊಂಡಳು ಪುಟ್ಟಿ. ಸಂಜೆಯವರೆಗೆ ಬಣ್ಣದಯ್ಯ ಕಾಯಬೇಕಲ್ಲ! ಉದ್ದನೆಯ ಮಾತು ಬಟನ್ನಿನಲ್ಲಿ ಹಿಡಿಸುತ್ತದೋ ಇಲ್ಲವೋ ನೋಡಲು, 'ಮುಂದಿನವರು' ಎಂಬಲ್ಲಿ ಬಾಯಿಗೆ ಬಂದದ್ದನ್ನು ಟೈಪಿಸಿ ಸೇವ್ ಮಾಡಿದ: 'ಸಾಕಪ್ಪಾ ಸಾಕು, ಮನೆಗೆ ಹೋಗೋಣ.'

ಕೆಳಗೆ ಚಿಕ್ಕಮ್ಮ ಅದನ್ನು ಎರಡು ಸಲ ಓದಿದಳು. ಕಂಪ್ಯೂಟರಿನ ತಲೆ ಸವರಿದಳು. "ಇದಕ್ಕೇ ಸುಸ್ತಾಗಿದೆ, ನನ್ನ ಪಾಡು ಕೇಳ್ಬೇಡಿ" ಎಂದು ಹತ್ತೊಂಬತ್ತು ರೋಗಿಗಳಿಗೆ ಹೇಳಿ, ನಾಲ್ಕಕ್ಕೇ ಕೌಂಟರ್ ಮುಚ್ಚಿದಳು. ಹಲ್ಲುನೋವಿನಲ್ಲಿ ಜಗಳವಾಡಲು ಯಾರೂ ಬಾಯಿ ತೆರೆಯುವ ಸ್ಥಿತಿಯಲ್ಲಿರಲಿಲ್ಲ.

ಪುಟ್ಟಿ ಅಂದೇ ಷರತ್ತನ್ನು ಮತ್ತೆ ಬರೆದಳು. ಮೂರು ದಿನ ಸತಾಯಿಸಿದ್ದು ಒಂದೇ ಒಂದು ಅಕ್ಷರದ ತಪ್ಪು. ತಿದ್ದಿ, ಹೊಸ ಪ್ರತಿ ಹಾಕಿ, ಪೀಡೆ ತೊಲಗಿತು ಎಂದು ಉಸಿರುಬಿಟ್ಟಳು.

ಮೂರನೇ ದಿನ ಮುಖ್ಯ ಡಾಕ್ಟರ ಕರೆ ಬಂತು. ಮೇಜಿನ ಮೇಲೆ ಚಿಕ್ಕಮ್ಮನ ದುಂಡನೆಯ ಕೈಬರಹದ ದೂರು: ಹೊಸ ಪ್ರೋಗ್ರಾಮ್ ಕಿವುಡಾಗಿದೆ, ಎಷ್ಟು ಕೂಗಿದರೂ ಉಪಯೋಗವಿಲ್ಲ.

"ಚೆನ್ನಾಗಿ ಕೆಲಸ ಮಾಡ್ತಿದ್ದ ಸೌಲಭ್ಯ ಯಾಕಮ್ಮಾ ತೆಗೆದೆ?"

"ಅದು ಸೌಲಭ್ಯ ಅಲ್ಲ ಸರ್, ನನ್ನ ತಪ್ಪು."

"ತಪ್ಪೋ ಒಪ್ಪೋ, ವಾಪಸ್ ಹಾಕು. ಎಲ್ಲಾ ಕೌಂಟರಿಗೂ. ನನ್ನ ಕೋಣೆಗೂ ಒಂದಿರಲಿ."

ಹೀಗೆ ಆ ಷರತ್ತಿನ ಸಾಲು ಮತ್ತೆ ಅಳಿಯಿತು, ಕೌಂಟರಿಗೊಂದು ಮೈಕ್ ಬಂತು, ಬಣ್ಣದಯ್ಯನ ಮೇಜಿಗೆ ಸ್ಪೀಕರ್ ಬಂತು. ಅದರಲ್ಲಿ ಚಿಕ್ಕಮ್ಮನ ದನಿ ಕೇಳಿದರೆ ಸಾಕು, ಅವನು ಎರಡನೇ ಯೋಚನೆಯಿಲ್ಲದೆ ತಿದ್ದುತ್ತಿದ್ದ.

ಪುಟ್ಟಿಗೆ ಮನಸ್ಸು ತಡೆಯಲಿಲ್ಲ. ಒಂದು ದಿನ ಚಿಕ್ಕಮ್ಮನನ್ನು ಮೇಲಕ್ಕೆ ಕರೆತಂದು ಎಲ್ಲವನ್ನೂ ಕಣ್ಣಾರೆ ತೋರಿಸಿದಳು. ಮೈಕು, ಸ್ಪೀಕರು, ಬಣ್ಣದಯ್ಯ, ಅವನ ಬೆರಳು.

ಚಿಕ್ಕಮ್ಮ ಬಣ್ಣದಯ್ಯನನ್ನು ಮೇಲಿಂದ ಕೆಳಗೆ ನೋಡಿದಳು.

"ಪಾಪ," ಎಂದಳು ಮರುಕದಿಂದ, "ಇವನನ್ನ ಆ ಕಂಪ್ಯೂಟರೇ ಗದರಿಸಿ ಕೆಲಸ ಮಾಡಿಸ್ಕೊಳ್ಳತ್ತಾ?"