ಕೋಡಿ ಹರಿಯುವ ತನಕ

“ಬಿಡಮ್ಮ, ನೀರಿಗೆ ಬಿಡು,” ಎಂದರು ಮಾವ ತಿಮ್ಮರಾಯಪ್ಪ, ಎರಡನೇ ಸಲ.

ಶಾಲಿನಿ ಕೆರೆಯ ಕೊನೆಯ ಮೆಟ್ಟಿಲಿನ ಮೇಲೆ ನಿಂತೇ ಇದ್ದಳು. ಒಂದರ ಮೇಲೊಂದು ಮುಚ್ಚಿ ಅರಿಶಿನದ ದಾರ ಸುತ್ತಿದ ಮೊರದ ಬಾಗಿನ ಅವಳ ಕೈಯಲ್ಲಿತ್ತು. ಒಳಗಿನ ತೆಂಗಿನಕಾಯಿ ಉರುಳಿ ಎಡಗೈ ಭಾರವಾಗುತ್ತಿತ್ತು. ನೀರು ಮೆಟ್ಟಿಲಿನ ಅಂಚಿನವರೆಗೂ ಬಂದು, ತಟ್ಟೆಯಲ್ಲಿ ಹಿಡಿದಿಟ್ಟ ಹಾಗೆ ಅಲುಗದೆ ನಿಂತಿತ್ತು.

ಹಿಂದೆ ಏರಿಯ ಮೇಲೆ ಶಾಮಿಯಾನ, ಅದರ ಕೆಳಗೆ ಊರಿನ ಹಳೇ ಮನೆತನದವರು. ಅರೆಕೆರೆ ಕಡೆಯಿಂದ ಬೈಕಿನಲ್ಲಿ ಹೋಗುತ್ತಿದ್ದವರೂ ಗಾಡಿ ನಿಲ್ಲಿಸಿ ನೋಡುತ್ತಿದ್ದರು. ಕಂಬಕ್ಕೆ ಕಟ್ಟಿದ ಫ್ಲೆಕ್ಸಿನಲ್ಲಿ ಕೈಮುಗಿದ ಮಾವ, ಕೆಳಗೆ ‘ನಮ್ಮೂರ ಭಗೀರಥ’ ಎಂಬ ದಪ್ಪ ಅಕ್ಷರ. ಎಷ್ಟೋ ವರ್ಷದ ಮೇಲೆ ಕೆರೆ ತುಂಬಿತ್ತು. ತುಂಬಿದ ಕೆರೆಗೆ ಮೊದಲ ಬಾಗಿನ ಬಿಡುವವಳು ಆ ಮನೆಯ ಸೊಸೆ.

ಶಾಲಿನಿ ನೋಡುತ್ತಿದ್ದದ್ದು ಎಡಕ್ಕೆ, ಹೆಚ್ಚಾದ ನೀರು ಹೊರಗೆ ಹರಿಯಬೇಕಾದ ಕೋಡಿಯ ಕಡೆ. ಕೋಡಿಯ ಕಲ್ಲುಗಳ ನಡುವೆ ಎಂ ಸ್ಯಾಂಡ್ ತುಂಬಿದ ಸಿಮೆಂಟ್ ಚೀಲಗಳನ್ನು ಒಟ್ಟಿದ್ದರು. ಒಟ್ಟಿಸಿದ್ದು ಮಾವನ ತಮ್ಮ ಕೆಂಪರಾಜು. ಕೋಡಿ ಬಿದ್ದ ದಿನವೇ ನೀರು ಕಾಲುವೆ ಹಿಡಿದು ಹೋಗಿ, ಕಾಲುವೆಗೆ ಚಪ್ಪಡಿ ಹಾಸಿ ಕಟ್ಟಿಸಿದ್ದ ಮಾವನ ಕಾಂಪ್ಲೆಕ್ಸಿನ ಬೇಸ್‌ಮೆಂಟಿಗೆ ನುಗ್ಗಿತ್ತು. ಸಂಜೆಯೊಳಗೆ ಚೀಲಗಳು ಬಂದವು. ಮುಂದೆ ದಾರಿಯಿಲ್ಲದ ನೀರು ಹಿಂದಕ್ಕೆ ಏರಿತು. ಹಿಂದೆ ಇರುವುದು ಕೆರೆಯಂಗಳದ ಲೇಔಟು. ಅಲ್ಲಿನ ಸೈಟುಗಳನ್ನು ಮಾಡಿ ಮಾರಿದವರೂ ಮಾವನೇ.

ಬೆಳಿಗ್ಗೆ, ಸೀರೆಗೆ ಪಿನ್ ಹಾಕಿಕೊಳ್ಳುವಾಗ, ಕಾಲೇಜಿನ ಗೆಳತಿ ಶಾಂತಲಾ ಆ ಲೇಔಟಿನಿಂದ ವಾಯ್ಸ್ ಮೆಸೇಜ್ ಕಳಿಸಿದ್ದಳು. “ಶಾಲೂ, ಅಮ್ಮನ್ನ ಮಂಚದ ಮೇಲೆ ಕೂರ್ಸಿದೀನಿ ಕಣೇ. ಮಂಚದ ಕಾಲೇ ಕಾಣ್ತಿಲ್ಲ. ಮಂಡಿನೋವು, ಇಳಿಯೋಕೂ ಆಗಲ್ಲ ಅವಳಿಗೆ. ನಿನ್ನೆಯಿಂದ ಮಳೆ ನಿಂತಿದೆ, ನೀರು ಮಾತ್ರ ಏರ್ತಾನೇ ಇದೆ. ಅದು ಹೇಗೆ ಅಂತೀನಿ?” ಹೇಗೆ ಎಂದು ಶಾಲಿನಿಗೆ ಗೊತ್ತಿತ್ತು. ಅದನ್ನು ಟೈಪ್ ಮಾಡಿದಳು, ಅಳಿಸಿದಳು. ಗಂಡ ದೀಪಕ್‌ಗೆ ಕೇಳಿಸಿದಳು. “ಪೂಜೆ ಒಂದು ಮುಗೀಲಿ, ಆಮೇಲೆ ಅಪ್ಪನ್ನ ಕೇಳೋಣ,” ಎಂದು ಅವನು ಕಾಂಪ್ಲೆಕ್ಸಿನ ನೀರೆತ್ತುವ ಮೋಟಾರ್ ನೋಡಲು ಹೋದ.

ಈಗ ಬನ್ನೇರುಘಟ್ಟದ ಕಡೆ ಮೋಡ ಕಪ್ಪಾಗುತ್ತಿತ್ತು. ಇನ್ನೊಂದು ಮಳೆಗೆ ಮಂಚವೂ ಉಳಿಯದು.

“ಮಾವ, ಕೋಡಿ ಹರೀತಿಲ್ಲ,” ಎಂದಳು.

ಅವಳು ಹೇಳಿದ್ದು ಪಿಸುಮಾತಿನಲ್ಲೇ. ಆದರೆ ಸಂಕಲ್ಪ ಹೇಳಿಸಿದ ಅರ್ಚಕರು ಮೈಕನ್ನು ಇನ್ನೂ ಅವಳ ಬಾಯಿಯ ಹತ್ತಿರವೇ ಹಿಡಿದಿದ್ದರು. ಸೌಂಡ್ ಬಾಕ್ಸಿನಿಂದ ಹೊರಟ ಮಾತು ಕೆರೆಯ ಆಚೆ ದಡಕ್ಕೆ ಬಡಿದು ವಾಪಸ್ ಬಂತು. ಅದು ತನ್ನದೇ ದನಿಯೆಂದು ತಿಳಿಯಲು ಅವಳಿಗೆ ಒಂದು ಕ್ಷಣ ಹಿಡಿಯಿತು.

“ಅಣ್ಣೋ, ಸೊಸೆಯಮ್ಮ ಮಾತಾಡ್ಬಿಟ್ಲು! ಮಳೆ ಗ್ಯಾರಂಟಿ ಬಿಡು,” ಎಂದ ಕೆಂಪರಾಜು. ಶಾಮಿಯಾನವೆಲ್ಲ ನಕ್ಕಿತು.

ತಿಮ್ಮರಾಯಪ್ಪ ನಗಲಿಲ್ಲ. ಅಂಗೈಯಿಂದ ಮೈಕ್ ಮುಚ್ಚಿದರು. “ಮನೇಲಿ ಮಾತಾಡೋಣ ಕಣಮ್ಮ. ಜನ ನೋಡ್ತಾವ್ರೆ.”

“ಕೋಡಿ ಹರಿದ್ಮೇಲೆ ತಾನೆ ಬಾಗಿನ? ಪೂಜೆ ಗೊತ್ತು ಮಾಡಿದ ದಿನ ನೀವೇ ಹೇಳಿದ್ರಿ.”

“ಕೆರೆ ತುಂಬೈತಲ್ಲ, ಕಾಣಲ್ವಾ?”

“ಕಟ್ಟಿ ತುಂಬ್ಸಿರೋದು, ಮಾವ. ಹಿಂದುಗಡೆ ಮನೆಗಳೂ ತುಂಬಿವೆ. ನೀವು ಸೈಟ್ ಕೊಟ್ಟೋರ ಮನೆಗಳೇ.”

“ಬಾಯಿ ಮುಚ್ಚು. ಅದನ್ನ ಬಿಟ್ರೆ ನೀರು ಎಲ್ಲಿಗೆ ಹೋಗ್ತದೆ ಗೊತ್ತಾ? ನಮ್ಮ ಕಾಂಪ್ಲೆಕ್ಸಿಗೆ. ದಿನಾ ನೀನು ಉಣ್ಣೋ ಅನ್ನ ಅಲ್ಲಿಂದಾನೇ ಬರೋದು.”

“ಗೊತ್ತು, ಮಾವ.”

ಅವಳು ತಿರುಗಿ ಮೆಟ್ಟಿಲು ಹತ್ತಿದಳು. ಅತ್ತೆ ಅಕ್ಕಯಮ್ಮ ಮೇಲಿನ ಮೆಟ್ಟಿಲಿನಲ್ಲಿ ಅಕ್ಷತೆಯ ಬಟ್ಟಲು ಹಿಡಿದು ನಿಂತಿದ್ದರು. “ಅತ್ತೆ, ಇದನ್ನೊಂಚೂರು ಹಿಡ್ಕೊಳ್ಳಿ,” ಎಂದು ಬಾಗಿನ ಚಾಚಿದಳು. ಅಕ್ಕಯಮ್ಮ ಗಂಡನ ಮುಖ ನೋಡಿದರು, ಸೊಸೆಯ ಮುಖ ನೋಡಿದರು. ಆಮೇಲೆ ಬಟ್ಟಲನ್ನು ಕಲ್ಲಿನ ಮೇಲಿಟ್ಟು ಬಾಗಿನ ಹಿಡಿದುಕೊಂಡರು.

ಬಾಳೆಕಂದು ಕಡಿದ ಮಚ್ಚು ಶಾಮಿಯಾನದ ಕಂಬದ ಬುಡದಲ್ಲಿ ಬಿದ್ದಿತ್ತು. ಶಾಲಿನಿ ಅದನ್ನು ಎತ್ತಿಕೊಂಡು ಏರಿಯ ಮೇಲೆ ನಡೆದಳು. ಸೀರೆಯ ನೆರಿಗೆ ಕಾಲಿಗೆ ಸಿಕ್ಕುತ್ತಿತ್ತು. ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಹಿಂದಿನಿಂದ ಕೆಂಪರಾಜು ದಡಬಡ ಓಡಿಬರುವ ಸದ್ದು ಕೇಳಿತು. ಹೆಜ್ಜೆ ನಿಲ್ಲಿಸಲಿಲ್ಲ.

“ಕೆಂಪ, ಅವಳನ್ನ ಮುಟ್ಟಬೇಡ!” ಅತ್ತೆಯ ದನಿಗೆ ಮೈಕ್ ಬೇಕಿರಲಿಲ್ಲ. “ಬಾಗಿನ ಹಿಡ್ಕೊಂಡು ಹೇಳ್ತಾ ಇದೀನಿ.”

“ಅಲ್ಲ ಅತ್ತಿಗೆ, ಅವ್ಳು...”

“ಮುಟ್ಟಬೇಡ ಅಂದೆ.”

ಮೇಲಿನ ಚೀಲದ ಕಿವಿ ಹಿಡಿದು ಶಾಲಿನಿ ಎಳೆದಳು. ಅದು ಮಿಸುಕಲಿಲ್ಲ. ಇನ್ನೊಮ್ಮೆ ಎಳೆದಳು, ಎರಡು ಬಳೆ ಒಡೆದವು. ಶಾಮಿಯಾನದಲ್ಲಿ ಯಾರೋ ಮತ್ತೆ ನಕ್ಕರು. ಆಗ ಮಚ್ಚಿನ ತುದಿಯಿಂದ ಚೀಲವನ್ನು ಅಡ್ಡಕ್ಕೆ ಸೀಳಿದಳು. ಮರಳು ಸರ್ರನೆ ಹೊರಗೆ ಜಾರಿತು. ಖಾಲಿಯಾದ ಚೀಲ ತಾನಾಗಿಯೇ ಕೈಗೆ ಬಂತು. ಎರಡನೆಯದನ್ನು ಸೀಳಿದಳು, ಅದರ ಕೆಳಗಿನದನ್ನು ಸೀಳಿದಳು. ಸಂದಿಯಿಂದ ಮೊದಲು ದಾರದಷ್ಟು ನೀರು ಇಳಿಯಿತು. ಆಮೇಲೆ ಜಡೆಯಷ್ಟಾಯಿತು. ಮಿಕ್ಕ ಚೀಲಗಳನ್ನು ನೀರೇ ನೂಕಿತು. ಅವಳು ಪಕ್ಕದ ಕಲ್ಲಿಗೆ ಆತುಕೊಂಡಳು. ಕಾಲಡಿಯ ಮಣ್ಣು ನಡುಗುತ್ತಿತ್ತು.

ಈಗ ಯಾರೂ ನಗುತ್ತಿರಲಿಲ್ಲ. ತಿಮ್ಮರಾಯಪ್ಪ ಫೋನಿನಲ್ಲಿ ಕೂಗುತ್ತಿದ್ದರು: “ದೀಪು, ಬೇಸ್‌ಮೆಂಟಲ್ಲಿರೋ ಜನಾನೆಲ್ಲ ಹೊರಗೆ ಕಳ್ಸು. ಮೈನ್ ಆಫ್ ಮಾಡು. ಸಾಮಾನು ಎಷ್ಟಾಗ್ತದೋ ಅಷ್ಟು ಎತ್ಸು... ಯಾರೂ ಅಲ್ಲ, ನಿನ್ನ ಹೆಂಡ್ತಿ!” ಫೋನ್ ಜೇಬಿಗೆ ತುರುಕಿ ಕೋಡಿಯ ಹತ್ತಿರ ಬಂದರು. “ಇನ್ಮೇಲೆ ನೀನು ನನ್ನ ಮನೆ ಹೊಸ್ತಿಲು...”

“ಮುಹೂರ್ತ ಮೀರ್ತಾ ಇದೆ,” ಎನ್ನುತ್ತ ಅಕ್ಕಯಮ್ಮ ಇಬ್ಬರ ನಡುವೆ ಬಂದರು. ಸೊಸೆಯ ಕೈಯೆಲ್ಲ ಮರಳು, ಮಣಿಕಟ್ಟಿನಲ್ಲಿ ಬಳೆ ಗೀಚಿದ ರಕ್ತ. ತಮ್ಮ ಸೆರಗಿನಿಂದ ಒರೆಸಿ, ಬಾಗಿನವನ್ನು ಅದೇ ಕೈಗಿಟ್ಟರು. “ಈಗ ಬಿಡು.”

ಶಾಲಿನಿ ಬಗ್ಗಿ ಬಿಟ್ಟಳು. ಮೊರ ಒಂದು ಸುತ್ತು ತಿರುಗಿ, ಕೋಡಿಯ ಕಲ್ಲಿಗೆ ತಗುಲಿ, ಓರೆಯಾಗಿ ಕಾಲುವೆಗೆ ಇಳಿಯಿತು. ಅದು ಹೋದ ಕಡೆಗೇ, ಕಾಂಪ್ಲೆಕ್ಸಿನತ್ತ, ಎಲ್ಲರೂ ಹೊರಟರು. ಮಾವ ಮುಂದೆ, ಕೆಂಪರಾಜು ಹಿಂದೆ.

ಶಾಮಿಯಾನದ ಹುಡುಗರು ಕುರ್ಚಿಗಳನ್ನು ಒಂದರೊಳಗೊಂದು ಜೋಡಿಸಿ ಗಾಡಿಗೆ ಹಾಕುವವರೆಗೂ ಅವಳು ಕೆರೆಯ ಮೆಟ್ಟಿಲಿಗೆ ಮರಳಿ ಕುಕ್ಕರಗಾಲಿನಲ್ಲಿ ಕೂತಿದ್ದಳು. ಅಕ್ಕಯಮ್ಮ ಮನೆಗೆ ಹೋಗದೆ ಎರಡು ಮೆಟ್ಟಿಲು ಮೇಲೆ ಕೂತಿದ್ದರು. ದೊಡ್ಡ ಹನಿಯೊಂದು ನೀರಿಗೆ ಬಿತ್ತು. ನೀರಿನ ಅಂಚಿನಲ್ಲಿ, ಕಲ್ಲಿನ ಮೇಲೆ, ನೀರು ಇಳಿದ ಕಪ್ಪಗಿನ ಒದ್ದೆ ಪಟ್ಟಿಯೊಂದು ಕಾಣಿಸಿಕೊಂಡಿತ್ತು. ಶಾಲಿನಿ ಅದರ ಮೇಲೆ ತೋರುಬೆರಳನ್ನು ಅಡ್ಡಲಾಗಿ ಇಟ್ಟಳು. ಸರಿಯಾಗಿ ಒಂದು ಬೆರಳು. ಎರಡನೇ ಬೆರಳಿಗೆ ಜಾಗವಾಗಲೆಂದು ಕಾದಳು.