ಗಂಜಿ ಬಿಡದ ಕಂಬಳಿ

"ನಿನ್ನ ಮಗನ ಮಾಲು. ತಗೊಂಡು ನಡಿ," ಎಂದು ನರಗುಂದದ ಕಚೇರಿಯ ಗುಮಾಸ್ತ ಕಂಬಳಿಯನ್ನು ಮುದುಕವ್ವನ ಮುಂದೆ ಎಸೆದ. ಅವಳ ಮಗ ಕಳಕಪ್ಪನನ್ನು ಗಲ್ಲಿಗೇರಿಸಿ ಹದಿನಾರು ದಿನವಾಗಿತ್ತು. ಬಂಡಾಯದ ಆ ವರ್ಷ ಕುಂಪಣಿಯ ಸಾಹೇಬನೊಬ್ಬನನ್ನು ಡೇರೆಯಲ್ಲೇ ಕಡಿದು ಹಾಕಿದ್ದರು. ಐದನೆಯ ದಿನ ಹತ್ತಿರದ ಪೊದೆಯಲ್ಲಿ ಈ ಕಂಬಳಿಯನ್ನು ಹುಡುಕಿ ಕೊಟ್ಟವನು ಹೊಳೆಮಣ್ಣೂರಿನ ಗೌಡ ಪ್ರಭುಲಿಂಗಪ್ಪ. "ಇದನ್ನ ಹೊದ್ಕೊಂಡು ಕಳಕಪ್ಪ ಓಡಿದ್ದನ್ನ ಕಣ್ಣಾರೆ ಕಂಡೀನ್ರಿ," ಎಂದು ಹೇಳಿಕೆ ಕೊಟ್ಟಿದ್ದ. ಕುರಿ ಮೇಯಿಸುವ ಜಗಳದಲ್ಲಿ ಕಳಕಪ್ಪ ಅವನ ಮೀಸೆ ಹಿಡಿದು ಎಳೆದದ್ದು ಊರಿಗೆಲ್ಲ ಗೊತ್ತಿತ್ತು. ಸರಕಾರ ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಎದೆಗವಚಿಕೊಂಡು ಅತ್ತುಬಿಡಬೇಕೆಂದು ಮುದುಕವ್ವ ಕಂಬಳಿ ಎತ್ತಿಕೊಂಡಳು. ಅಳು ಅಲ್ಲೇ ನಿಂತಿತು. ಜೀವಮಾನವೆಲ್ಲ ಉಣ್ಣೆ ನೂತ ಬೆರಳುಗಳು ಅವಳವು. ಹೊಸ ಕಂಬಳಿಗೆ ನೇಕಾರರು ಹುಣಸೆಬೀಜದ ಗಂಜಿ ಹಾಕುತ್ತಾರೆ. ಒಂದು ಮಳೆಗಾಲ ನೆನೆದರೆ ಗಂಜಿ ಬಿಟ್ಟು ಮೆತ್ತಗಾಗುತ್ತದೆ. ಕಳಕಪ್ಪನ ಕಂಬಳಿ ಆರು ಮಳೆಗಾಲ ಕಂಡು ಮನೆಯ ಗೂಟದಲ್ಲಿ ತೂಗುತ್ತಿತ್ತು. ಇದು ಇನ್ನೂ ಸೆಟೆದುಕೊಂಡಿತ್ತು. ಕೊರಳಿಗೆ ಹಗ್ಗ ಬಿಗಿಯಲು ಪುರುಸೊತ್ತಿದ್ದ ದೊರೆಗಳಿಗೆ ಇದನ್ನೊಮ್ಮೆ ಮುಟ್ಟಿ ನೋಡಲು ಪುರುಸೊತ್ತಿರಲಿಲ್ಲ.

ಅಂದಿನಿಂದ ಅವಳ ಕಾಲಿಗೆ ಬಿಡುವಿಲ್ಲ. ರೋಣಕ್ಕೆ ಹೋದಳು, ರಾಜೂರಿಗೆ ಹೋದಳು. ಕಂಬಳಿಯ ಎರಡು ಪಟ್ಟಿ ಕೂಡಿಸಿದ ಹೊಲಿಗೆಯನ್ನು ತೋರಿಸಿ, ಇದು ಯಾರ ಕೈಯೆಂದು ಮಗ್ಗ ಮಗ್ಗಕ್ಕೂ ಕೇಳಿದಳು. ಸರಕಾರ ಮುಗಿಸಿದ ಮಾತನ್ನು ಕೆದಕುವ ಮುದುಕಿಗೆ ನೀರು ಕೊಟ್ಟರೂ ತಮ್ಮ ಬುಡಕ್ಕೇ ಬಂದೀತೆಂದು ಕೆಲವರು ಬಾಗಿಲು ಹಾಕಿಕೊಂಡರು. ಕಡೆಗೆ ಗಜೇಂದ್ರಗಡದ ನೇಕಾರ ಅಜ್ಜಪ್ಪ ಹೊಲಿಗೆಯ ಮೇಲೆ ಹೆಬ್ಬೆರಳಾಡಿಸಿ ನೋಡಿದ.

"ನನ್ನ ಕೈದ ಐತಿ. ಸಾಹೇಬ ಸತ್ತ ಸುದ್ದಿ ಬಂದು ಸಂತಿ ಅರ್ಧಕ್ಕ ಎದ್ದಿತ್ತು ನೋಡು, ಅವತ್ತ ಒಯ್ದ ನಿಮ್ಮ ಗೌಡ."

ಸಾಹೇಬ ಸತ್ತ ಮೇಲೆ ಕೊಂಡ ಕಂಬಳಿ! ಮುದುಕವ್ವನ ಹಲ್ಲು ಕಟಕಟ ಎಂದವು. "ಅದರ ಹಿಂದಿನ ಸಂತಿಗೆ ಒಯ್ದ ಅಂತ ಹೇಳು."

"ಹಂಗಂದ್ರ ಕೊಂದಾಂವ ಗೌಡನ ಅಂದಂಗ ಆಕ್ಕೈತಲ್ಲ ಯವ್ವಾ! ಅಂವ ಕೊಂದಿಲ್ಲ. ಖರೇ ಹೇಳಿದ್ರ ನಿನ್ನ ಮಗನ ಹೆಸರು ತೊಳಿತೈತಿ, ಗೌಡ ಜೇಲಿಗೆ ಹೋಗ್ತಾನ. ಅಷ್ಟು ಸಾಲದೇನು?"

"ನನ್ನ ಮಗ ಜೇಲಿಗೆ ಹೋಗ್ಯಾನೇನು?"

ತನ್ನ ಕೈಯ ಕೆಲಸ ಒಬ್ಬನ ಕೊರಳಿಗೆ ಉರುಳಾದದ್ದು ಅಜ್ಜಪ್ಪನನ್ನೂ ಸುಡುತ್ತಿತ್ತು. ಅವನು ರುಮಾಲು ಸುತ್ತಿಕೊಂಡು ಎದ್ದ.

ಸಾಹೇಬ ಸಾಯುವ ಹಿಂದಿನ ಸಂತೆಯಲ್ಲೇ ಗೌಡ ಕಂಬಳಿ ಒಯ್ದನೆಂದು ಅವನು ಕಚೇರಿಯಲ್ಲಿ ಹೇಳಿದ. ಮುದುಕವ್ವ ಗೌಡನ ಮಾತನ್ನೇ ಗೌಡನ ಮೇಲೆ ತಿರುಗಿಸಿದಳು: "ಇದನ್ನ ಹೊದ್ಕೊಂಡು ಗೌಡ ಓಡಿದ್ದನ್ನ ಕಣ್ಣಾರೆ ಕಂಡೀನ್ರಿ." ಗೌಡನಿಗೂ ಗಲ್ಲಿನ ಶಿಕ್ಷೆಯಾಯಿತು. ಆದರೆ ಸರಕಾರ ತಾನು ಬರೆದದ್ದನ್ನು ಅಳಿಸೀತೇ? ಕಳಕಪ್ಪನೂ ಗೌಡನೂ ಕೂಡಿಯೇ ಕೊಂದರೆಂದು ಹಳೆಯ ತೀರ್ಪಿನ ಕೆಳಗೆ ಇನ್ನೊಂದು ಸಾಲು ಸೇರಿಸಿತು. ಅದನ್ನು ಮುದುಕವ್ವನಿಗೆ ಓದಿ ಹೇಳಿದರು. ಆದರೂ ಅವಳು ತನ್ನ ಹೇಳಿಕೆ ಬದಲಿಸಲಿಲ್ಲ.

ಮರುದಿನ ಮಧ್ಯಾಹ್ನ ಗೌಡನ ತಾಯಿ ಚನ್ನವ್ವ ಬರಿಗಾಲಲ್ಲಿ ಕುರುಬರ ಓಣಿಗೆ ಬಂದಳು. ಆ ಮನೆಯವರು ಅಲ್ಲಿ ಎಂದೂ ಕಾಲಿಟ್ಟಿರಲಿಲ್ಲ.

"ನನ್ನ ಮಗ ಕೊಂದಿಲ್ಲಂತ ನಿನಗ ಗೊತ್ತೈತಿ."

"ಗೊತ್ತೈತಿ," ಎಂದಳು ಮುದುಕವ್ವ, ರಾಟೆ ತಿರುಗಿಸುತ್ತಲೇ.

"ಬಂದು ಹೇಳಬೇ, ನಿನ್ನ ಕಾಲು ಬೀಳ್ತೀನಿ. ನಿನ್ನ ಮಗನೂ ಕೊಂದಿಲ್ಲಂತ ನಾನೂ ಹೇಳ್ತೀನಿ. ಇಬ್ಬರ ಹೆಸರೂ ತೊಳಿತೈತಿ."

"ಗಲ್ಲಿಗೆ ಎಷ್ಟು ದಿನ ಉಳದಾವ?"

"ಮೂರು."

"ನಮಗ ಒಂದ ದಿನ ಕೊಟ್ಟಿದ್ರು."

ಚನ್ನವ್ವ ಹೊಸ್ತಿಲ ಹೊರಗೆ ಕುಸಿದು ಕೂತಳು. ನೂಲು ಒಮ್ಮೆ ಹರಿಯಿತು. ಮುದುಕವ್ವ ಎರಡೂ ತುದಿಗೆ ಎಂಜಲು ಹಚ್ಚಿ ಹೊಸೆದು, ಮತ್ತೆ ನೂಲತೊಡಗಿದಳು.